ಕೊಳೆ ಔಷಧಿ ಹುಟ್ಟಿದ ದ್ರಾಕ್ಷಿ ಸೀಮೆ

ಮೃಗಶಿರ ಮಳೆ ಜೋರಾಗುವ ಮೊದಲೇ ಅಡಿಕೆ ಕೊನೆಗೆ, ಎಂದರೆ ಕಾಯಿಗೊಂಚಲಿಗೆ, ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ಶಿರಸಿ ಸೀಮೆಯ ತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ವರ್ಷವೂ ನಾವು ಡ್ರಮ್ಮಿನಲ್ಲಿ ಕಲಸುವ ಈ ನೀಲಿ ನೀರು ಅಡಿಕೆಗಾಗಿ ಹುಟ್ಟಿದ್ದಲ್ಲ. ಫ್ರಾನ್ಸಿನ ನೈಋತ್ಯ ಮೂಲೆಯ ಬೋರ್ಡೋ ಎಂಬ ವೈನ್ ಸೀಮೆಯಲ್ಲಿ ದ್ರಾಕ್ಷಿ ಉಳಿಸಲು ಹುಟ್ಟಿದ್ದು. ನಮ್ಮ ಮನೆಗೆ ವೈನ್ ಬಾಟಲಿ ಬಂದದ್ದೇ ಇಲ್ಲ. ಆದರೂ ಔಷಧಿಯ ಬೆನ್ನು ಹತ್ತಿ ಆ ಊರಿನ ಬಗ್ಗೆ ಓದಿದೆ. ಓದಿದ ಮೇಲೆ ಔಷಧಿ ಮಾಡುವ ನನ್ನ ಕ್ರಮವೂ ಸ್ವಲ್ಪ ಬದಲಾಯಿತು.

ಬೋರ್ಡೋ ಪಟ್ಟಣ ಗರೋನ್ ನದಿಯ ದಂಡೆಯ ಮೇಲಿದೆ. ಪಟ್ಟಣ ದಾಟಿದ ಮೇಲೆ ಈ ನದಿಗೆ ದೋರ್ದೋನ್ ಬಂದು ಸೇರುತ್ತದೆ. ಅಲ್ಲಿಂದ ಸಮುದ್ರದವರೆಗೆ ಜಿರೋಂದ್ ಎಂಬ ದೊಡ್ಡ ಅಳಿವೆ. ನಕ್ಷೆಯಲ್ಲಿ ನೋಡಿದರೆ ನಮ್ಮ ಅಘನಾಶಿನಿ ಅಳಿವೆಯನ್ನು ಹಲವು ಪಟ್ಟು ಹಿಗ್ಗಿಸಿದ ಹಾಗೆ ಕಾಣುತ್ತದೆ. ಎಡದಂಡೆಯ ಮೆದೋಕ್‌ನಲ್ಲಿ ನದಿ ತಂದು ಹಾಕಿದ ಗರಸು ಕಲ್ಲಿನ ನೆಲ. ಅಲ್ಲಿ ನೀರು ನಿಲ್ಲುವುದಿಲ್ಲ, ಬಿಸಿಲಿಗೆ ಕಲ್ಲು ಕಾಯುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿನ್ಯೋನ್ ತಳಿಗೆ ಅದೇ ಬೇಕು. ಬಲದಂಡೆಯ ಸೇಂತ್ ಎಮಿಲಿಯೋನ್, ಪೊಮೆರೋಲ್ ಕಡೆ ಜೇಡಿಮಣ್ಣು, ಸುಣ್ಣಕಲ್ಲು. ಅಲ್ಲಿ ಬೇಗ ಹಣ್ಣಾಗುವ ಮೆರ್ಲೋ ತಳಿಯದೇ ಜೋರು.

ದಕ್ಷಿಣದ ಸೋತೆರ್ನ್ ಕತೆ ಇನ್ನೂ ವಿಚಿತ್ರ. ಸಿರೋನ್ ಎಂಬ ತಣ್ಣಗಿನ ಹೊಳೆ ಗರೋನ್ ಸೇರುವಲ್ಲಿ ಶರತ್ಕಾಲದ ಬೆಳಿಗ್ಗೆ ಮಂಜು ಕವಿಯುತ್ತದೆ. ಆ ತೇವಕ್ಕೆ ದ್ರಾಕ್ಷಿಗೆ ಬೋಟ್ರೈಟಿಸ್ ಎಂಬ ಬೂಷ್ಟು ಹಿಡಿಯುತ್ತದೆ. ಮಧ್ಯಾಹ್ನ ಬಿಸಿಲು ಬಿದ್ದರೆ ಹಣ್ಣು ಸುಕ್ಕಾಗಿ ರಸ ಗಟ್ಟಿಯಾಗುತ್ತದೆ. ಅಲ್ಲಿನ ಹೆಸರಾದ ಸಿಹಿ ವೈನ್ ಮಾಡುವುದೇ ಅದರಿಂದ. ಇದನ್ನು ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡನಿಗೆ ಹೇಳಿದರೆ ನಂಬಲೇ ಇಲ್ಲ. “ಸುಮ್ನಿರಿ ಹೆಗಡೇರೆ, ಬೂಷ್ಟು ಬಂದದ್ದನ್ನ ಯಾರು ತಗೊಳ್ತಾರೆ?” ಎಂದ.

ಈ ಸೀಮೆಯ ವೈನ್ ವ್ಯಾಪಾರಕ್ಕೆ ಬಲ ಬಂದದ್ದು ಒಂದು ಮದುವೆಯಿಂದ. 1152ರಲ್ಲಿ ಬೋರ್ಡೋ ಸೇರಿದ ಸೀಮೆಯ ಒಡತಿ ಅಕ್ವಿಟೇನ್‌ನ ಎಲಿನೋರ್ ಹೆನ್ರಿಯನ್ನು ಮದುವೆಯಾದಳು. 1154ರಲ್ಲಿ ಆತ ಇಂಗ್ಲೆಂಡಿನ ರಾಜನಾದ. 1453ರಲ್ಲಿ ಫ್ರೆಂಚರು ಗೆಲ್ಲುವವರೆಗೂ ಬೋರ್ಡೋ ಇಂಗ್ಲಿಷ್ ದೊರೆಗಳ ಕೈಯಲ್ಲೇ ಇತ್ತು, ವೈನ್ ಹಡಗು ತುಂಬಿ ಅತ್ತ ಹೋಗುತ್ತಿತ್ತು. ಮೆದೋಕ್ ಆಗ ಬಹುಪಾಲು ಜೌಗು. 17ನೇ ಶತಮಾನದಲ್ಲಿ ಡಚ್ಚರು ಕಾಲುವೆ ತೋಡಿ ನೀರು ಬಸಿದ ಮೇಲೆ ಅಲ್ಲಿ ದೊಡ್ಡ ತೋಟಗಳು ಎದ್ದವು. 1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ದಲ್ಲಾಳಿಗಳು ಆ ತೋಟಗಳನ್ನು ಐದು ದರ್ಜೆ ಮಾಡಿದರು. ನೋಡಿದ್ದು ಮಾರುಕಟ್ಟೆಯ ದರವನ್ನೇ. 1973ರಲ್ಲಿ ಮೂತೋನ್ ರೋಥ್‌ಶೀಲ್ಡ್ ಎಂಬ ತೋಟ ಮೊದಲ ದರ್ಜೆಗೆ ಏರಿದ್ದು ಬಿಟ್ಟರೆ ಆ ಪಟ್ಟಿ ಹೆಚ್ಚುಕಡಿಮೆ ಹಾಗೇ ಇದೆ. ದಲ್ಲಾಳಿಗಳು ಬರೆದದ್ದು ಇಷ್ಟು ವರ್ಷ ನಿಂತಿತಲ್ಲ ಎಂಬುದೇ ನನಗೆ ಸೋಜಿಗ. ನಮ್ಮ ಚಾಲಿ (ಒಣಗಿಸಿ ಸುಲಿದ ಅಡಿಕೆ) ದರ ಒಂದು ವಾರ ನಿಲ್ಲುವುದಿಲ್ಲ.

ಪಟ್ಟಿ ಆದ ಕೆಲವೇ ವರ್ಷಕ್ಕೆ ಕಷ್ಟ ಶುರುವಾಯಿತು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ಹಾಳುಮಾಡಿತು. ಅಮೆರಿಕದ ಬಳ್ಳಿಯ ಬೇರು ಮಾತ್ರ ಅದಕ್ಕೆ ಜಗ್ಗುವುದಿಲ್ಲ. ಹಾಗಾಗಿ ಆ ಬೇರಿಗೆ ತಮ್ಮ ತಳಿಯ ಕಸಿ ಕಟ್ಟುವುದೇ ದಾರಿಯಾಯಿತು. ಆದರೆ ತರಿಸಿದ ಬಳ್ಳಿಗಳ ಜೊತೆ ಇನ್ನೊಂದು ರೋಗವೂ ಬಂತು. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರು ಡೌನಿ ಎನ್ನುತ್ತಾರಲ್ಲ, ಅದೇ. 1878ರ ಹೊತ್ತಿಗೆ ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಎಲೆ ಉದುರಿ, ಕಾಯಿ ಹಣ್ಣಾಗದೆ ನಿಲ್ಲತೊಡಗಿತು.

ಮೆದೋಕ್‌ನ ಸೇಂತ್ ಜೂಲಿಯನ್ ಕಡೆ ರಸ್ತೆ ಪಕ್ಕದ ಬಳ್ಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚುವ ರೂಢಿ ಇತ್ತು. ರೋಗಕ್ಕಲ್ಲ, ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ದೆ ಆ ದಾರಿಯಲ್ಲಿ ಬಂದರು. ಒಳಗಿನ ಸಾಲುಗಳ ಎಲೆ ಉದುರಿತ್ತು, ರಸ್ತೆ ಬದಿಯದು ಹಸಿರಾಗಿತ್ತು. ರಸಾಯನಶಾಸ್ತ್ರಜ್ಞ ಗಾಯೋನ್ ಜೊತೆ ಸೇರಿ ಪ್ರಯೋಗ ಮಾಡಿ 1885ರಲ್ಲಿ ಅದನ್ನು ಪ್ರಕಟಿಸಿದರು. ಹಣ್ಣು ಕದಿಯುವವರ ಉಪಕಾರ ನಮ್ಮ ಮೇಲೂ ಇದೆ ಅನ್ನಿ.

ಅಡಿಕೆಗೆ ಇದನ್ನು ತಂದವರಲ್ಲಿ ಮುಖ್ಯರು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲೆ 1910ರಲ್ಲಿ ಅವರ ವರದಿ ಬಂತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಳಬರಿಗೆ ಗೊತ್ತಿದ್ದ ಉಪಾಯ ಕೊನೆಗೆ ಕೊಟ್ಟೆ, ಎಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟುವುದು. ಕೊಳೆ ತರುವ ಫೈಟಾಫ್ಥೊರಾ ಮತ್ತು ದ್ರಾಕ್ಷಿಯ ಡೌನಿ ಒಂದೇ ಬಳಗದವು. ಎರಡರ ಬೀಜಾಣುವೂ ನೀರಿನ ಪದರದಲ್ಲಿ ಈಜಿ ಬಂದು ಒಳಹೊಗುತ್ತವೆ. ತಾಮ್ರ ಅವನ್ನು ಹೊರಗೇ ಕೊಲ್ಲುತ್ತದೆ. ರೋಗ ಒಳಗೆ ಹೊಕ್ಕ ಮೇಲೆ ತಾಮ್ರದ ಆಟ ನಡೆಯುವುದಿಲ್ಲ. ಹಾಗಾಗಿ “ಕೊಳೆ ಕಂಡ ಮೇಲೆ ಹೊಡೆದರಾಯ್ತು” ಎನ್ನುವವರ ಮಾತನ್ನು ನಾನು ಕೇಳುವುದಿಲ್ಲ.

ನಾನು ಮಾಡುವುದು ಹೀಗೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತುತ್ತನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನ 50 ಲೀಟರ್ ನೀರಿನಲ್ಲಿ ಮೇಲ್ಗಡೆ ಇಳಿಬಿಡುತ್ತೇನೆ. ತಳಕ್ಕೆ ಸುರಿದರೆ ಕರಗಲು ಸತಾಯಿಸುತ್ತದೆ. ಕಬ್ಬಿಣದ ಪಾತ್ರೆ ಮುಟ್ಟಿಸುವುದೇ ಇಲ್ಲ. ಸುಣ್ಣ ನನಗೆ ಚಿಪ್ಪಿ ಸುಣ್ಣವೇ ಆಗಬೇಕು, ಅದೂ ಹೊಸದು. ಹಳೆಯ ಪುಡಿ ಸುಣ್ಣಕ್ಕೆ ಶಕ್ತಿ ಇರುವುದಿಲ್ಲ. ಬೇರೆ ಡ್ರಮ್ಮಿನಲ್ಲಿ ಅರಳಿಸಿ, ಬಿಸಿ ಪೂರ್ತಿ ಆರಿದ ಮೇಲೆ ಸೋಸಿ, ಅದನ್ನೂ 50 ಲೀಟರ್ ಮಾಡುತ್ತೇನೆ. ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕೋಲಿನಿಂದ ಕದಡುವುದು. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ಬೇಗ ತಳ ಹಿಡಿಯುತ್ತದೆ. ಕಡೆಗೆ ತಿಕ್ಕಿ ತೊಳೆದ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇನೆ. ಕೆಂಪು ಹತ್ತಿದರೆ ತಾಮ್ರ ಜಾಸ್ತಿ ಉಳಿದಿದೆ ಎಂದರ್ಥ, ಸುಣ್ಣ ಕೂಡಿಸಬೇಕು. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಕಲಸಿದ್ದು ಅದೇ ದಿನ ಖಾಲಿಯಾಗಬೇಕು.

ಮೊದಲ ಸಲ ಮಳೆಗೆ ಮುಂಚೆ, ಎರಡನೆಯದು 40-45 ದಿನದ ಮೇಲೆ ಬಿಡುವು ನೋಡಿ. ಮೂರನೆಯದರ ಬಗ್ಗೆ ಮಾತ್ರ ನಾನೀಗ ಬಿಗಿ. ತಾಮ್ರ ಮಣ್ಣಿನಿಂದ ಹೋಗುವುದಿಲ್ಲ, ಅಲ್ಲೇ ಕೂರುತ್ತದೆ. ಬೋರ್ಡೋದ ಹಳೆಯ ತೋಟಗಳಿಗೂ ಇದೇ ತಾಪತ್ರಯ. ಯುರೋಪಿಯನ್ ಒಕ್ಕೂಟದಲ್ಲಿ 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರ ಎಂಬ ಮಿತಿ ಹಾಕಿದ್ದಾರೆ. ಮಳೆ ಸೆಪ್ಟೆಂಬರಿಗೂ ಎಳೆದರೆ ಕೆಳಗಿನ ತಗ್ಗು ತೋಟಕ್ಕೆ ಮಾತ್ರ ಇನ್ನೊಂದು ಸಲ ಹೊಡೆಸುತ್ತೇನೆ. ಮೇಲಿನದಕ್ಕೆ ಎರಡೇ ಸಾಕು.