ಅಂಬಾಸಿಡರ್, ಪದ್ಮಿನಿ: ಎರಡು ಹಳೆಯ ಕಾರುಗಳನ್ನು ಹೋಲಿಸುವುದು ಹೇಗೆ?

ಹಳೆಯ ಅಂಬಾಸಿಡರ್ ಕೊಳ್ಳುವುದೋ ಪ್ರೀಮಿಯರ್ ಪದ್ಮಿನಿ ಕೊಳ್ಳುವುದೋ ಎಂದು ಯೋಚಿಸುವವರು ಎರಡರ ಅಶ್ವಶಕ್ತಿಯನ್ನು ಅಕ್ಕಪಕ್ಕ ಬರೆದು ತೀರ್ಮಾನಕ್ಕೆ ಬರಬಾರದು. ಆ ಅಂಕಿಗಳು ಹೊಸ ಕಾರಿನವು. ನಿಮ್ಮೆದುರು ನಿಂತಿರುವುದು ಹತ್ತಾರು ವರ್ಷ ಕಲಬುರಗಿಯ ಬಿಸಿಲು, ದೂಳು ಕಂಡ ಕಾರು.

ಮೊದಲು ಮಾದರಿಯನ್ನು ಖಚಿತಪಡಿಸಿಕೊಳ್ಳಿ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್‌ಗೆ ಕಾಲಕಾಲಕ್ಕೆ 1489 ಸಿಸಿ ಪೆಟ್ರೋಲ್ ಎಂಜಿನ್, ಡೀಸೆಲ್ ಎಂಜಿನ್, 1990ರ ದಶಕದಲ್ಲಿ ಇಸುಜು 1.8 ಲೀಟರ್ ಎಂಜಿನ್ ಬಂದವು. ಫಿಯಟ್ 1100 ಕಾರಿನ ವಂಶದ ಪದ್ಮಿನಿಯ ಪೆಟ್ರೋಲ್ ಎಂಜಿನ್ 1089 ಸಿಸಿಯದು. ಎಷ್ಟೋ ಕಾರುಗಳಿಗೆ ಆಮೇಲೆ ಬೇರೆ ಎಂಜಿನ್ ಕೂಡಿಸಿರುವುದರಿಂದ, ಬಾನೆಟ್ ಎತ್ತಿ ಎಂಜಿನ್ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡದೆ ಮುಂದಿನ ಲೆಕ್ಕಕ್ಕೆ ಅರ್ಥವಿಲ್ಲ.

ಎರಡನೆಯದಾಗಿ, ಅಂಕಿಗಳನ್ನು ಒಂದೇ ಅಳತೆಗೆ ತನ್ನಿ. ಹಳೆಯ ಕೈಪಿಡಿಗಳಲ್ಲಿ ಅಶ್ವಶಕ್ತಿಯನ್ನು ಅಮೆರಿಕದ ಎಸ್‌ಎಇ ಗ್ರಾಸ್ ಅಥವಾ ಜರ್ಮನಿಯ ಡಿಐಎನ್ ಎಂಬ ಅಳತೆಯ ಪದ್ಧತಿಯಲ್ಲಿ ಕೊಟ್ಟಿರುತ್ತಾರೆ. ಮೊದಲನೆಯದರಲ್ಲಿ ಏರ್ ಫಿಲ್ಟರ್, ಕಾರಿನದೇ ಸೈಲೆನ್ಸರ್ ಮುಂತಾದವುಗಳ ಹೊರೆಯಿಲ್ಲದೆ ಎಂಜಿನ್ನನ್ನು ಅಳೆಯುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ. ಬೇರೆ ಬೇರೆ ಪದ್ಧತಿಯ ಅಂಕಿಗಳನ್ನು ಎಂದಿಗೂ ಹೋಲಿಸಬೇಡಿ.

ಇನ್ನು ಶಕ್ತಿಯನ್ನು ತೂಕದಿಂದ ಭಾಗಿಸಿ. ಈ ಹೋಲಿಕೆಯ ತಿರುಳು ಇಲ್ಲಿದೆ. 1489 ಸಿಸಿಯ ಅಂಬಾಸಿಡರ್‌ಗೆ ಸುಮಾರು 50 ಅಶ್ವಶಕ್ತಿ, ಸುಮಾರು 1100 ಕೆ.ಜಿ. ತೂಕ, ಪದ್ಮಿನಿಗೆ ಸುಮಾರು 40 ಅಶ್ವಶಕ್ತಿ, ಸುಮಾರು 900 ಕೆ.ಜಿ. ತೂಕ. ಟನ್ನಿಗೆ ಲೆಕ್ಕ ಹಾಕಿದರೆ ಎರಡೂ 45ರ ಆಸುಪಾಸಿನಲ್ಲೇ ನಿಲ್ಲುತ್ತವೆ, ಅಂದರೆ ಚಾಲಕನೊಬ್ಬನೇ ಇದ್ದಾಗ ಪಿಕಪ್‌ನಲ್ಲಿ ಹೆಚ್ಚಿನ ಅಂತರ ಕಾಣದು. ಆದರೆ ಐದು ಜನ ಗಂಟುಮೂಟೆಯೊಂದಿಗೆ ಗಾಣಗಾಪುರಕ್ಕೆ ಹೊರಟಾಗ 350 ಕೆ.ಜಿ. ಸೇರಿತೆನ್ನಿ: ಅಂಬಾಸಿಡರ್ ಟನ್ನಿಗೆ 34ರ ಮೇಲೆ ಉಳಿದರೆ ಪದ್ಮಿನಿ 32ಕ್ಕೆ ಇಳಿಯುತ್ತದೆ. ಅದೇ ಹೊರೆ ಹಗುರ ಕಾರಿಗೆ ಹೆಚ್ಚು ಭಾರವಾಗುತ್ತದೆ. ಆದ್ದರಿಂದ ತುಂಬಿದ ಸಂಸಾರಕ್ಕೆ ಅಂಬಾಸಿಡರ್ ಲೇಸೆಂಬುದು, ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಇಕ್ಕಟ್ಟಿನಲ್ಲಿ ತಿರುಗುವವರಿಗೆ ಅದಕ್ಕಿಂತ ಒಂದಡಿಗೂ ಹೆಚ್ಚು ಗಿಡ್ಡವಾದ ಪದ್ಮಿನಿಯೇ ಹಿತವೆಂಬುದು ನನ್ನ ಅಭಿಪ್ರಾಯ.

ಬಳಿಕ ಮಿಸ್ತ್ರಿಯಿಂದ ಪ್ರತಿ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡವನ್ನು ಅಳೆಸಿ. ಒತ್ತಡ ಕಡಿಮೆ ಬಂದಲ್ಲಿ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು: ಒತ್ತಡ ಏರಿದರೆ ಸಾಮಾನ್ಯವಾಗಿ ಪಿಸ್ಟನ್ ರಿಂಗ್ ಸವೆದಿದೆ ಎಂದರ್ಥ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ. ಈ ಪರೀಕ್ಷೆ ಮಾಡಿಸಲೊಪ್ಪದ ಮಾರಾಟಗಾರರ ಕಾರನ್ನು ಬಿಟ್ಟುಬಿಡುವುದೇ ಕ್ಷೇಮ.

ರಸ್ತೆಯ ಪರೀಕ್ಷೆಯಲ್ಲಿ ಗರಿಷ್ಠ ವೇಗದ ಹಂಬಲ ಬೇಡ, ಏಕೆಂದರೆ ಆ ಕಾಲದ ಮಾದರಿಗಳಲ್ಲಿ ಹೆಚ್ಚಿನವುಗಳ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಒಂದೇ ಹೊರೆ ಇಟ್ಟು, ಬೆಳಗಿನ ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲೇ ಗಂಟೆಗೆ 40 ಕಿ.ಮೀ.ಯಿಂದ 60ಕ್ಕೆ ಏರಲು ಹಿಡಿಯುವ ಸೆಕೆಂಡುಗಳನ್ನು ಜೊತೆಗಿರುವವರು ಎಣಿಸಲಿ. ಗಾಳಿ, ಇಳಿಜಾರುಗಳ ನೆರವು ಕಳೆಯಲು ಹೋಗುವಾಗಲೂ ಬರುವಾಗಲೂ ಅಳೆದು ಸರಾಸರಿ ತೆಗೆಯಬೇಕು. ಹಳೆಯ ಸ್ಪೀಡೋಮೀಟರ್ ನಂಬದೆ ಮೊಬೈಲಿನ ಜಿಪಿಎಸ್ ವೇಗವನ್ನೇ ಹಿಡಿಯಿರಿ.

ಎರಡೂ ಕಾರುಗಳನ್ನು ಒಂದೇ ಹೊತ್ತಿನಲ್ಲಿ ಓಡಿಸುವುದು ಅಗತ್ಯ. 25 ಡಿಗ್ರಿಗೆ ಹೋಲಿಸಿದರೆ 42 ಡಿಗ್ರಿಯ ಗಾಳಿ ಸುಮಾರು ಶೇ 5ರಷ್ಟು ತೆಳುವಾಗಿರುವುದರಿಂದ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ನಮ್ಮ ಬೇಸಿಗೆಯಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಾರು ನಿಂತುಬಿಡುವುದೂ ಉಂಟು. ಹಾಗಾಗಿ ಕಾರನ್ನು ಚೆನ್ನಾಗಿ ಓಡಿಸಿ, ಮಧ್ಯಾಹ್ನ ಹತ್ತು ನಿಮಿಷ ಆಫ್ ಮಾಡಿ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಎರಡರಲ್ಲಿ ಯಾವುದು ತಡಮಾಡದೆ ಹೊತ್ತಿಕೊಳ್ಳುತ್ತದೆ, ಯಾವುದರ ಬಿಸಿಯ ಮುಳ್ಳು ಮೇಲೇರದೆ ನಿಲ್ಲುತ್ತದೆ ಎಂಬುದನ್ನು ಅದೇ ಹಾಳೆಯಲ್ಲಿ ಅಶ್ವಶಕ್ತಿಯ ಪಕ್ಕದಲ್ಲೇ ಬರೆದುಕೊಳ್ಳಿ.