ಹಿಂದಿನ ಬೆಂಚಿಗೂ ‘ಯಾಕೆ’ ಎಂದು ಕೇಳಬೇಕು

ನಾನು ಬಿ.ಎಡ್ ಕಾಲೇಜಿನಲ್ಲಿ ಗಣಿತ ಬೋಧನೆ ಕಲಿಸುತ್ತೇನೆ. 2015ರಿಂದ ಬಿ.ಎಡ್ ಎರಡು ವರ್ಷದ್ದಾಯಿತು, ಪ್ರಶಿಕ್ಷಣಾರ್ಥಿಗಳು ಶಾಲೆಯಲ್ಲಿ ಕಳೆಯುವ ಇಂಟರ್ನ್‌ಶಿಪ್ ಅವಧಿಯೂ ಉದ್ದವಾಯಿತು. ಆ ವಾರಗಳಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತು ಕೊಡುವುದು ಒಂದಕ್ಕೇ: ತರಗತಿಯಲ್ಲಿ ಯಾವ ಮಗುವಿಗೆ ಯಾವ ಪ್ರಶ್ನೆ ಹೋಗುತ್ತಿದೆ?

ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದೆ ಕೂತು ಬೆಂಚುಗಳ ನಕ್ಷೆ ಬರೆಯಬೇಕು. ಯಾರನ್ನು ಕೇಳಿದರೋ ಅವರ ಜಾಗದಲ್ಲಿ ಒಂದು ಗೀಟು. ‘ಎಷ್ಟು?’ ಎಂದರೆ ನೀಲಿ. ‘ಯಾಕೆ?’, ‘ಹೇಗೆ ಗೊತ್ತಾಯ್ತು?’ ಎಂದರೆ ಕೆಂಪು. ಆಮೇಲೆ ಇಬ್ಬರೂ ಕೂತು ಹಾಳೆ ನೋಡುತ್ತಾರೆ. ಎಷ್ಟೋ ಸಲ ಕೆಂಪು ಗೀಟೆಲ್ಲ ಮುಂದಿನ ಬೆಂಚುಗಳಲ್ಲೇ ಇರುತ್ತದೆ. ಹುಡುಗಿಯರಿಗೆ ‘ಸೂತ್ರ ಹೇಳು’, ಹುಡುಗರಿಗೆ ‘ಬೋರ್ಡಿಗೆ ಬಂದು ಬಿಡಿಸು’. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಹಾಳೆ ಕಣ್ಣೆದುರಿಗೇ ಇರುತ್ತದೆ, ಅಲ್ವಾ?

ಕೇಳಿದ ಮೇಲೆ ಕಾಯುವುದನ್ನೂ ಕಲಿಸುತ್ತೇನೆ. ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಹೆಚ್ಚು ಮಕ್ಕಳು ಮಾತಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು.

ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಶುರುವಾಗುತ್ತದೆ. ಕೆಲವು ಮಕ್ಕಳಿಗೆ ಗ್ರಾಫ್, ಪ್ರಮೇಯ, ಒಂದಿಷ್ಟು ಸೂತ್ರ, ಅಷ್ಟೇ. ಫಲಿತಾಂಶದ ಒತ್ತಡ ನನಗೆ ಗೊತ್ತು. ಆ ಮಕ್ಕಳು ಪಾಸಾಗಲೇಬೇಕು. ಆದರೆ ಎಂಟನೇ ತರಗತಿಯಲ್ಲೇ ‘ಇವರಿಗೆ ಇಷ್ಟು ಸಾಕು’ ಎಂದು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ.

‘ಹಾಗಾದ್ರೆ ಎಲ್ಲರಿಗೂ ಒಂದೇ ಲೆಕ್ಕ ಹೇಗೆ ಕೊಡೋದು ಮೇಡಂ?’ ಎಂದು ಪ್ರಶಿಕ್ಷಣಾರ್ಥಿಗಳು ಕೇಳಿಯೇ ಕೇಳುತ್ತಾರೆ. ಆಗ ಅವರ ಕೈಗೇ ಗ್ರಾಫ್ ಹಾಳೆ ಕೊಡುತ್ತೇನೆ. ಸುತ್ತಳತೆ 24 ಸೆಂ.ಮೀ ಇರುವ ಆಯತಗಳನ್ನು ಬರೆಯಿರಿ, ಬದಿಗಳು ಪೂರ್ಣಸಂಖ್ಯೆಯಾಗಿರಲಿ, ಯಾವುದರ ವಿಸ್ತೀರ್ಣ ಜಾಸ್ತಿ? ಮಗ್ಗಿ ತಡವರಿಸುವ ಮಗುವೂ 11 ಮತ್ತು 1, 10 ಮತ್ತು 2 ಎಂದು ಬರೆದು ಚೌಕ ಎಣಿಸಬಹುದು. ವಿಸ್ತೀರ್ಣಗಳು 11, 20, 27, 32, 35, 36. ಬದಿಗಳು ಸಮವಾದಾಗಲೇ ಜಾಸ್ತಿ ಎಂದು ಮಕ್ಕಳೇ ಹೇಳುತ್ತಾರೆ. ‘ಯಾಕೆ?’ ಎಂಬ ಪ್ರಶ್ನೆ ಆಗ ಚೌಕ ಎಣಿಸಿದ ಮಗುವಿಗೇ ಹೋಗಬೇಕು. ಒಂದೊಂದೂ 36ಕ್ಕಿಂತ ಎಷ್ಟು ಕಡಿಮೆ ಎಂದು ಪಕ್ಕದಲ್ಲಿ ಬರೆಸಿದರೆ 25, 16, 9, 4, 1 ಬರುತ್ತದೆ. ಎಲ್ಲವೂ ವರ್ಗಸಂಖ್ಯೆ! 10 ಅಂದರೆ 6 ಕೂಡಿಸು 4, 2 ಅಂದರೆ 6 ಕಳೆ 4. ಎರಡನ್ನೂ ಗುಣಿಸಿದರೆ 36 ಕಳೆ 16, ಅಂದರೆ 20. ಬರೀ ಕಂಠಪಾಠವಾಗಿದ್ದ ‘ಎ ವರ್ಗ ಮೈನಸ್ ಬಿ ವರ್ಗ’ ಇಲ್ಲಿ ತಾನಾಗಿ ಎದ್ದು ಬರುತ್ತದೆ. ಬಿ.ಎಸ್ಸಿ ಮುಗಿಸಿ ಬಂದ ಪ್ರಶಿಕ್ಷಣಾರ್ಥಿಗಳೇ ಇಲ್ಲಿ ಒಂದು ಕ್ಷಣ ಪೆನ್ನು ಕೆಳಗಿಟ್ಟು ನೋಡುತ್ತಾರೆ.

ಪಾಠ ಯೋಜನೆಯಲ್ಲಿ ಒಂದು ಅಂಕಣ ಜಾಸ್ತಿ ಬರೆಸುತ್ತೇನೆ. ಈ ಪ್ರಶ್ನೆ ಯಾವ ಮಗುವಿಗೆ, ಅದು ಏನು ಹೇಳಬಹುದು, ಹೇಳಿದ ಮೇಲೆ ನಾನೇನು ಕೇಳಲಿ? ತುಂಬಲು ಹೊತ್ತು ಹಿಡಿಯುತ್ತದೆ. ಮೊದಲ ವಾರದಲ್ಲಿ ಅದು ಸುಮ್ನೆ ಖಾಲಿ ಉಳಿಯುವುದೂ ಉಂಟು, ಯಾಕೆಂದರೆ ಅದನ್ನು ತುಂಬಲು ಹಿಂದಿನ ಬೆಂಚಿನವರ ಹೆಸರೂ ಗೊತ್ತಿರಬೇಕು.