ಪಾಸ್‌ವರ್ಡ್ ಮ್ಯಾನೇಜರ್ ಬರೆಯುವವರಿಗೆ: ಗುಟ್ಟನ್ನು ಸಾಮಾನ್ಯ ಸ್ಟ್ರಿಂಗ್‌ನಲ್ಲಿ ಇಡಬೇಡಿ

ಹಲವು ಆಪರೇಟಿಂಗ್ ಸಿಸ್ಟಂಗಳಲ್ಲಿ ಓಡುವ ಪಾಸ್‌ವರ್ಡ್ ಮ್ಯಾನೇಜರ್ ಬರೆಯುತ್ತಿರುವ ಗೆಳೆಯರಲ್ಲಿ ಒಂದು ವಿನಂತಿ: ಮಾಸ್ಟರ್ ಪಾಸ್‌ವರ್ಡನ್ನು (ಉಳಿದೆಲ್ಲ ಪಾಸ್‌ವರ್ಡ್‌ಗಳನ್ನು ತೆರೆಯುವ ಮುಖ್ಯ ಗುಟ್ಟು) ಸಾಮಾನ್ಯ ಸ್ಟ್ರಿಂಗ್‌ನಲ್ಲಿ (ಪಠ್ಯವನ್ನು ಇಡಲು ಭಾಷೆ ಕೊಡುವ ಅಕ್ಷರಗಳ ಸರಣಿ) ಇಡಬೇಡಿ. ಜಾವಾ ಮತ್ತು ಸಿ ಶಾರ್ಪ್‌ಗಳಲ್ಲಿ ಒಮ್ಮೆ ರಚಿಸಿದ ಸ್ಟ್ರಿಂಗನ್ನು ತಿದ್ದಲಾಗದು, ಆದ್ದರಿಂದ ಅಳಿಸಲೂ ಆಗದು. ಆ ಜಾಗಕ್ಕೆ ಬೇರೆ ದತ್ತಾಂಶ ಬಂದು ಕೂರುವವರೆಗೂ ಗುಟ್ಟು ಮೆಮೊರಿಯಲ್ಲಿ ಹಾಗೆಯೇ ಬಿದ್ದಿರಬಹುದು. ಸಿ ಶಾರ್ಪ್ ಓಡುವ ಡಾಟ್‌ನೆಟ್ ವೇದಿಕೆಯಲ್ಲಿ ಗುಟ್ಟುಗಳಿಗೆಂದೇ ಇರುವ ಸೆಕ್ಯೂರ್‌ಸ್ಟ್ರಿಂಗ್ ಕೂಡ ಆಸರೆಯಲ್ಲ. ಲಿನಕ್ಸ್, ಮ್ಯಾಕ್‌ಗಳಲ್ಲಿ ಅದು ಒಳಗಿನ ಅಕ್ಷರಗಳನ್ನು ಎನ್‌ಕ್ರಿಪ್ಟ್ ಮಾಡುವುದಿಲ್ಲ, ಹೊಸ ಕೋಡ್‌ನಲ್ಲಿ ಬಳಸಬೇಡಿ ಎಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸಲಹೆ ನೀಡಿದೆ.

ಬದಲಿಗೆ ನಿಗದಿತ ಅಳತೆಯ ಬೈಟ್ ಬಫರ್ (ಬೈಟ್‌ಗಳನ್ನು ಇಡುವ ಮೆಮೊರಿ ಜಾಗ) ಬಳಸಿ. ತುಂಬಿದಾಗ ತಾನಾಗಿ ಹಿಗ್ಗುವ ಬಫರ್ ಹೊಸ ಜಾಗಕ್ಕೆ ನಕಲಾಗುವಾಗ ಹಳೆಯ ಪ್ರತಿಯನ್ನು ಹಿಂದೆಯೇ ಬಿಟ್ಟುಹೋಗುತ್ತದೆ, ಇದು ಬಹಳ ಮಂದಿಯ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಮುಗಿದೊಡನೆ ಸೊನ್ನೆ ತುಂಬಬೇಕು; ಆದರೆ ಹೀಗೆ ತುಂಬುವ ಸಿ ಭಾಷೆಯ ಮೆಮ್‌ಸೆಟ್ ಕರೆ ನಿರುಪಯುಕ್ತವೆಂದು ಕಂಪೈಲರ್ ಅದನ್ನೇ ತೆಗೆದುಹಾಕಬಹುದಾದ್ದರಿಂದ, ವಿಂಡೋಸ್‌ನಲ್ಲಿ ಸೆಕ್ಯೂರ್‌ಜೀರೋಮೆಮೊರಿಯನ್ನೂ ಲಿನಕ್ಸ್‌ನಲ್ಲಿ ಎಕ್ಸ್‌ಪ್ಲಿಸಿಟ್_ಬಿಜೀರೋವನ್ನೂ ಕರೆಯಿರಿ. ಮೆಮೊರಿಯ ಪುಟಗಳು ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಹೋಗದಂತೆ ತಡೆಯಲು ಎಮ್‌ಲಾಕ್ ಅಥವಾ ವರ್ಚುವಲ್‌ಲಾಕ್ ಇವೆ.

ನನಗೆ ಅತಿ ಮುಖ್ಯವೆನಿಸುವುದು ಯೂನಿಕೋಡ್, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ. ‘ಕೊ’ ಎಂಬ ಒಂದೇ ಅಕ್ಷರವನ್ನು ಎರಡು ಅಥವಾ ಮೂರು ಸಂಕೇತಬಿಂದುಗಳಲ್ಲಿ (ಯೂನಿಕೋಡ್ ಸಂಖ್ಯೆಗಳಲ್ಲಿ), ಅಂದರೆ ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 6 ಅಥವಾ 9 ಬೈಟ್‌ಗಳಲ್ಲಿ ಬರೆಯಬಹುದು. ಕೀಲಿಮಣೆ ಬದಲಾದರೆ ಬೈಟ್‌ಗಳೂ ಬದಲಾಗಬಹುದು. ಆಗ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಪಾಸ್‌ವರ್ಡ್‌ಗಳ ಖಜಾನೆ ತೆರೆಯದು. ಆದ್ದರಿಂದ ಪಾಸ್‌ವರ್ಡ್‌ನಿಂದ ಎನ್‌ಕ್ರಿಪ್ಶನ್ ಕೀ ತಯಾರಿಸುವ ಮುನ್ನ ಎಲ್ಲ ಕಡೆಯೂ ಅದನ್ನು ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರವನ್ನು ಒಂದೇ ಬಗೆಯಲ್ಲಿ ಬರೆಯುವ ಯೂನಿಕೋಡ್‌ನ ನಿಯತ ರೂಪ) ತನ್ನಿ, ಆ ಹಂತದಲ್ಲಿ ಹುಟ್ಟುವ ತಾತ್ಕಾಲಿಕ ಪ್ರತಿಯನ್ನೂ ಅಳಿಸಿ.